ಗುಡ್ಡವಿಲ್ಲದ ಊರಲ್ಲಿ ಸೈಕಲ್ ರೇಸ್

[ದೃಶ್ಯ: ಕ್ಯಾಂಪಸ್ಸಿನ ಒಂದು ಸರ್ಕಲ್. ಸುತ್ತ ಬರೀ ಸೈಕಲ್‌ಗಳು.]

ನಮಸ್ಕಾರ. ಇದು ಟ್ರಾಫಿಕ್ ಸರ್ಕಲ್, ಆದರೆ ಒಂದೂ ಕಾರಿಲ್ಲ ನೋಡಿ. ಅಮೆರಿಕದ ಕ್ಯಾಲಿಫೋರ್ನಿಯಾದ ಡೇವಿಸ್ ಊರಿನ ಯೂನಿವರ್ಸಿಟಿಯಲ್ಲಿ ಕ್ಲಾಸ್ ಬಿಡುವ ಹೊತ್ತು ಹೀಗೇ ಇರುತ್ತದೆ. ಕಾಲೇಜು ವರ್ಷದ ಮೊದಲ ದಿನ ಹೊಸಬರು ಇಲ್ಲಿ ಬೀಳುವುದನ್ನು ನೋಡಲು ಹಳಬರು ಬಂದು ಕೂರುತ್ತಾರೆ. ನಾವಾಗಿದ್ದರೂ ಕೂರುತ್ತಿದ್ದೆವು ಬಿಡಿ!

ನೆದರ್ಲೆಂಡ್ಸ್‌ನಲ್ಲಿ ಇದ್ದು ಬಂದ ಫ್ರಾಂಕ್ ಮತ್ತು ಈವ್ ಚೈಲ್ಡ್ ದಂಪತಿ ಇಲ್ಲೂ ಸೈಕಲ್‌ಗೆ ಬೇರೆ ದಾರಿ ಬೇಕು ಅಂತ ಹಟ ಹಿಡಿದರು. 1967ರಲ್ಲಿ ಈ ಊರಿನ ರಸ್ತೆಗಳಲ್ಲಿ ಸೈಕಲ್ ಲೇನ್ ಬಂತು. ಅಮೆರಿಕಕ್ಕೆ ಅದೇ ಮೊದಲು. ಊರಿನ ಲಾಂಛನವೂ ಸೈಕಲ್ಲೇ, ಮುಂದೆ ದೊಡ್ಡ ಗಾಲಿ ಇರುವ ಹಳೇ ಮಾದರಿಯದ್ದು.

ಆದರೆ ಇಲ್ಲಿನ ಹೆಚ್ಚಿನವರಿಗೆ ಸೈಕಲ್ ಅಂದರೆ ಕ್ಲಾಸಿಗೆ ಹೋಗುವ ಗಾಡಿ, ಅಷ್ಟೇ. ರೇಸ್ ಮಾಡುವವರು ಕಡಿಮೆ. ಅವರೂ ಓದು, ಕೆಲಸದ ನಡುವೆ ಬಿಡುವು ಮಾಡಿಕೊಂಡು ತುಳಿಯುವವರು.

[ದೃಶ್ಯ: ಬಾದಾಮಿ ತೋಟಗಳ ನಡುವೆ ನೇರ ರಸ್ತೆ]

ಊರ ಸುತ್ತ ನೆಲ ಅಂಗೈಯಷ್ಟು ಸಮ. ಹಾಗಾದರೆ ಸುಲಭ ಅಲ್ವಾ? ಅಲ್ಲ. ಗುಡ್ಡದ ಕೆಲಸವನ್ನು ಇಲ್ಲಿ ಗಾಳಿ ಮಾಡುತ್ತದೆ. ಗುಡ್ಡ ಹತ್ತಿದವರಿಗೆ ಇಳಿಜಾರಾದರೂ ಸಿಗುತ್ತದೆ. ಎದುರುಗಾಳಿಗೆ ಇಳಿಜಾರೇ ಇಲ್ಲ. ವಿಜಯಪುರ, ಬಾಗಲಕೋಟೆ ಕಡೆ ಎರೆ ಹೊಲಗಳ ನಡುವೆ ಸೈಕಲ್ ತುಳಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ.

ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಅದನ್ನು ಮೀರಲು ಎಂಟು ಪಟ್ಟು ಶಕ್ತಿ ಬೇಕು. ಅದಕ್ಕೇ ಮುಂದಿನವರ ಗಾಲಿಗೆ ಒಂದೆರಡು ಅಡಿ ಬಿಟ್ಟು ಅಂಟಿಕೊಳ್ಳುತ್ತಾರೆ. ಇದು ಡ್ರಾಫ್ಟಿಂಗ್, ಅಂದರೆ ಮುಂದಿನವರನ್ನೇ ಗಾಳಿಗೆ ಮರೆ ಮಾಡಿಕೊಳ್ಳುವುದು. ಹಿಂದೆ ಕೂತವರಿಗೆ ಶ್ರಮದಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಉಳಿಯುತ್ತದೆ. ಮುಂದಿನವರು ದಣಿದಾಗ ಪಕ್ಕಕ್ಕೆ ಸರಿಯುತ್ತಾರೆ, ಮುಂದಿನ ಸರದಿ ನಿಮ್ಮದು. ಗಾಳಿ ಪಕ್ಕದಿಂದ ಬೀಸಿದರೆ ಸಾಲು ಓರೆಯಾಗುತ್ತದೆ. ರಸ್ತೆಯ ಅಗಲ ಮುಗಿದಲ್ಲಿ ಮರೆಯೂ ಮುಗಿಯಿತು. ಅಂಚಿನಲ್ಲಿ ಸಿಕ್ಕಿಕೊಂಡವರು ಒಬ್ಬೊಬ್ಬರಾಗಿ ಹಿಂದೆ ಬೀಳುತ್ತಾರೆ. ಸುಮ್ನೆ ಕಾಲಲ್ಲಿ ಬಲ ಇದ್ದರೆ ಸಾಲದು.

[ದೃಶ್ಯ: ಪೇಟೆ ಬೀದಿ, ತಡೆಬೇಲಿಗಳು, ಜನ]

ಪೇಟೆ ಬೀದಿಗಳಲ್ಲಿ ನಡೆಯುವ ರೇಸಿಗೆ ಕ್ರೈಟೀರಿಯಂ ಅಂತ ಹೆಸರು. ಸುಮಾರು ಒಂದು ಕಿಲೋಮೀಟರಿನ ಸುತ್ತು, ಅದನ್ನೇ ಮತ್ತೆ ಮತ್ತೆ ಸುತ್ತಬೇಕು. ತಿರುವಿನಲ್ಲಿ ಮುಂದಿನವರು ಸಲೀಸಾಗಿ ಹೋಗುತ್ತಾರೆ. ಹಿಂದಿನವರು ಬ್ರೇಕ್ ಹಿಡಿದು, ಆಮೇಲೆ ಎದ್ದು ನಿಂತು ತುಳಿಯಬೇಕು. ಪ್ರತಿ ತಿರುವಲ್ಲೂ ಇದೇ ಪಾಡು. ನಡುವೆ ಗಂಟೆ ಬಾರಿಸಿದರೆ ಆ ಸುತ್ತಿಗೆ ಬೇರೆ ಬಹುಮಾನ ಇದೆ ಅಂತ ಅರ್ಥ. ಹೊಸಬರು ಹೆದರಬೇಕಿಲ್ಲ, ಅವರನ್ನು ಹೊಸಬರ ಗುಂಪಿನಲ್ಲೇ ಬಿಡುತ್ತಾರೆ.

[ದೃಶ್ಯ: ಟೊಮೆಟೊ ತುಂಬಿದ ಲಾರಿ]

ಬೇಸಿಗೆಯ ಕೊನೆಗೆ ಇನ್ನೊಂದು ತಾಪತ್ರಯ. ಇದು ಟೊಮೆಟೊ ಸೀಮೆ. ತುಂಬಿ ತುಳುಕುವ ಲಾರಿ ತಿರುಗುವಾಗ ಹಣ್ಣು ರಸ್ತೆಗೆ ಉರುಳುತ್ತದೆ. ತೆಳು ಟೈರು ಅದರ ಮೇಲೆ ಹತ್ತಿದರೆ ಚಟ್ನಿಯಾಗುವುದು ಹಣ್ಣು ಮಾತ್ರ ಅಲ್ಲ. ಮರೆಯಲ್ಲಿ ಕೂತವರಿಗೆ ರಸ್ತೆ ಕಾಣುವುದಿಲ್ಲ. ಮುಂದಿರುವವರು ಬೆರಳು ಕೆಳಗೆ ಮಾಡಿ ತೋರಿಸುತ್ತಾರೆ. ಅದನ್ನು ನೋಡಿ ಹಿಂದಿನವರು ತೋರಿಸುತ್ತಾರೆ. ಹೀಗೇ ಸಾಲಿನ ಕೊನೆಯವರೆಗೆ.