ಏನೂ ಅನಿಸದ ಮಾತ್ರೆ

ಎಲ್ಲರಿಗೂ ನಮಸ್ಕಾರ. ಏಟ್ರಿಯಲ್ ಫಿಬ್ರಿಲೇಶನ್, ಅಂದರೆ ಹೃದಯದ ಮೇಲಿನ ಕೋಣೆಗಳು ಲಯ ತಪ್ಪಿ ಬಡಿಯುವ ಕಾಯಿಲೆ, ಅದರ ಬಗ್ಗೆ ಈ ಸಭೆಗೆ ಹೆಚ್ಚು ಹೇಳಬೇಕಿಲ್ಲ. ಆ ಅಡ್ಡಾದಿಡ್ಡಿ ಇಸಿಜಿ ನೀವೆಲ್ಲ ನೋಡಿದವರೇ. ನೇರವಾಗಿ ಮಾತ್ರೆ ಡಬ್ಬಿಗೇ ಬರೋಣ.

ಡಬ್ಬಿಯಲ್ಲಿ ಎರಡು ಜಾತಿ. ಮೆಟೊಪ್ರೊಲಾಲ್, ಡಿಲ್ಟಿಯಾಜೆಮ್, ಅಮಿಯೊಡರೋನ್ ಇವೆಲ್ಲ ಬಡಿತದ ಓಟವನ್ನೋ ಲಯವನ್ನೋ ನೋಡಿಕೊಳ್ಳುವವು. ನುಂಗಿದರೆ ಹಾಯೆನಿಸುತ್ತದೆ, ಬಿಟ್ಟರೆ ಎದೆ ಡವಡವ. ಇನ್ನೊಂದು ಜಾತಿ ರಕ್ತ ಹೆಪ್ಪುಗಟ್ಟದಂತೆ ತಡೆಯುವುದು. ನುಂಗಿದರೂ ಏನೂ ಅನಿಸುವುದಿಲ್ಲ, ಬಿಟ್ಟರೂ ಏನೂ ಅನಿಸುವುದಿಲ್ಲ. ಅದಕ್ಕೇ ಜನ ಮೊದಲು ಬಿಡುವುದು ಇದನ್ನೇ. ಲಯ ತಪ್ಪಿದ ಹೃದಯದಲ್ಲಿ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಮಿದುಳಿಗೆ ಹೋದರೆ ಪಾರ್ಶ್ವವಾಯು. ಅದನ್ನು ತಡೆಯುವುದೂ ಇದೊಂದೇ!

ಇದರ ಹುಟ್ಟಿನ ಕಥೆ ನನಗೆ ಬಲು ಇಷ್ಟ, ಸ್ವಲ್ಪ ಉದ್ದವಾದರೆ ಕ್ಷಮಿಸಿ. 1933ರ ಫೆಬ್ರವರಿ, ಅಮೆರಿಕದ ವಿಸ್ಕಾನ್ಸಿನ್. ಒಬ್ಬ ರೈತ ಹಿಮಗಾಳಿಯಲ್ಲಿ ಸುಮಾರು 300 ಕಿಲೋಮೀಟರ್ ಲಾರಿ ಓಡಿಸಿಕೊಂಡು ಮ್ಯಾಡಿಸನ್‌ಗೆ ಬರುತ್ತಾನೆ. ಲಾರಿಯಲ್ಲಿ ಸತ್ತ ಕಡಸು, ಕೆಟ್ಟುಹೋದ ಕ್ಲೋವರ್ ಮೇವು, ಹಾಲಿನ ಕ್ಯಾನಿನ ತುಂಬ ಹೆಪ್ಪೇ ಕಟ್ಟದ ರಕ್ತ. ಶನಿವಾರ, ಪಶುವೈದ್ಯರ ಕಚೇರಿಗೆ ಬೀಗ. ಕೊನೆಗೆ ಅವನು ಕಂಡ ತೆರೆದ ಬಾಗಿಲು ಜೀವರಸಾಯನ ವಿಜ್ಞಾನಿ ಕಾರ್ಲ್ ಲಿಂಕ್ ಅವರ ಪ್ರಯೋಗಾಲಯದ್ದು. ವರ್ಷಗಟ್ಟಲೆ ಹುಡುಕಿ ಅವರ ತಂಡ ಬೂಷ್ಟು ಹಿಡಿದ ಮೇವಿನಿಂದ ರಕ್ತ ಹೆಪ್ಪುಗಟ್ಟದಂತೆ ಮಾಡುವ ಡೈಕುಮರಾಲ್ ಬೇರ್ಪಡಿಸಿತು. ಅದರ ಬಂಧು ವಾರ್ಫರಿನ್ 1948ರಲ್ಲಿ ಇಲಿಪಾಷಾಣವಾಗಿ ಮಾರುಕಟ್ಟೆಗೆ ಬಂತು, 1954ರಲ್ಲಿ ಮನುಷ್ಯರಿಗೂ ಒಪ್ಪಿಗೆಯಾಯಿತು. "ಡಾಕ್ಟರು ಇಲಿ ಮದ್ದು ಕೊಟ್ಟಿದ್ದಾರೆ" ಅನ್ನುವವರ ಮಾತು ಸುಳ್ಳಲ್ಲ. ವ್ಯತ್ಯಾಸ ಇರುವುದು ಪ್ರಮಾಣದಲ್ಲಿ. ಆ ಪ್ರಮಾಣ ಸರಿಯಿದೆಯೇ ಎಂದು ತಿಳಿಯಲು, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ನೋಡುವ ರಕ್ತಪರೀಕ್ಷೆಯೇ ಐಎನ್‌ಆರ್. ಸಾಮಾನ್ಯವಾಗಿ 2ರಿಂದ 3ರ ನಡುವೆ ಇರಬೇಕು. ಸೊಪ್ಪು ಪೂರ್ತಿ ಬಿಡಬೇಕೆಂದೇನಿಲ್ಲ. ಒಂದು ವಾರ ರಾಶಿ ತಿಂದು ಮುಂದಿನ ವಾರ ಮುಟ್ಟದೇ ಇದ್ದರೆ ಮಾತ್ರ ಸೊಪ್ಪಿನಲ್ಲಿರುವ, ರಕ್ತ ಹೆಪ್ಪುಗಟ್ಟಲು ನೆರವಾಗುವ ಕೆ ವಿಟಮಿನ್ ಏರಿಳಿದು ಲೆಕ್ಕ ತಪ್ಪುತ್ತದೆ. ಸೋಂಕಿಗೆ ಕೊಡುವ ಮೆಟ್ರೊನಿಡಜೋಲ್, ಫ್ಲುಕೊನಜೋಲ್, ಜೊತೆಗೆ ಅಮಿಯೊಡರೋನ್ ಐಎನ್‌ಆರ್ ಏರಿಸುತ್ತವೆ, ಕ್ಷಯದ ಮದ್ದು ರಿಫಾಂಪಿಸಿನ್ ಇಳಿಸುತ್ತದೆ. ಹೊಸ ಮಾತ್ರೆ ಶುರುವಾದರೆ ಕೆಲವೇ ದಿನಗಳಲ್ಲಿ ಐಎನ್‌ಆರ್ ಮತ್ತೆ ನೋಡಿಸಿ.

ರಿವರಾಕ್ಸಬಾನ್, ಡಾಬಿಗಟ್ರಾನ್, ಅಪಿಕ್ಸಬಾನ್ ಎಂಬ ಹೊಸ ತಲೆಮಾರಿನ ಹೆಪ್ಪುತಡೆ ಮಾತ್ರೆಗಳಿಗೆ ಐಎನ್‌ಆರ್ ಬೇಡ, ಆದರೆ ಮೂತ್ರಪಿಂಡದ ಪರೀಕ್ಷೆ ಬೇಕೇ ಬೇಕು. ಲೋಹದ ಕವಾಟ ಹಾಕಿಸಿಕೊಂಡವರಿಗೂ ಮೈಟ್ರಲ್ ಕವಾಟ ಕಿರಿದಾದವರಿಗೂ ವಾರ್ಫರಿನ್ನೇ. ರಿವರಾಕ್ಸಬಾನ್ 15, 20 ಮಿಲಿಗ್ರಾಂ ಮಾತ್ರೆ ಖಾಲಿ ಹೊಟ್ಟೆಯಲ್ಲಿ ಸರಿಯಾಗಿ ಹೀರಿಕೆಯಾಗದು, ಊಟದ ಜೊತೆಗೇ ನುಂಗಬೇಕು. ಡಾಬಿಗಟ್ರಾನ್ ಕ್ಯಾಪ್ಸೂಲ್ ಬಿಚ್ಚಿ ಪುಡಿ ಬೆರೆಸಿದರೆ ಔಷಧಿ ಒಮ್ಮೆಲೇ ಜಾಸ್ತಿ ಒಳಸೇರಿ ರಕ್ತಸ್ರಾವದ ಅಪಾಯ. ಎದೆ ಉರಿ ಬಂದರೆ ಊಟದೊಂದಿಗೆ, ಲೋಟ ತುಂಬ ನೀರಿನ ಜೊತೆ ತಗೊಳ್ಳಿ. ಅಪಿಕ್ಸಬಾನ್ ದಿನಕ್ಕೆರಡು ಬಾರಿ. ಮರೆತು ಆರು ಗಂಟೆಯೊಳಗೆ ನೆನಪಾದರೆ ನುಂಗಿ, ತಡವಾದರೆ ಬಿಟ್ಟುಬಿಡಿ. ಎರಡನ್ನು ಒಟ್ಟಿಗೆ ನುಂಗಬೇಡಿ.

"ನಾಡಿ ಈಗ ಸರಿಯಾಗಿದೆ, ಇನ್ನೇಕೆ ಈ ಹೆಪ್ಪುತಡೆ ಮಾತ್ರೆ?" ಅನ್ನುತ್ತಾರೆ. ನೋಡಿ, ಮತ್ತೆ ಅಲ್ಲಿಗೇ ಬಂದೆ. ಲಯ ಸರಿಯಾದರೂ ಅಪಾಯ ಹೋಗಿರಬೇಕೆಂದೇನಿಲ್ಲ. ವಯಸ್ಸು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹಿಂದಿನ ಪಾರ್ಶ್ವವಾಯು ಇವುಗಳ ಲೆಕ್ಕ ಹಾಕಿಯೇ ಡಾಕ್ಟರು ಇದನ್ನು ಮುಂದುವರಿಸುವುದೋ ಬಿಡುವುದೋ ತೀರ್ಮಾನಿಸುತ್ತಾರೆ. ಇದರ ಬದಲು ಆಸ್ಪಿರಿನ್ ಸಾಲದು.

ವಸಡಲ್ಲಿ ರಕ್ತ, ಮೈಮೇಲೆ ನೀಲಿ ಕಲೆ ಕಂಡರೆ ಮಾತ್ರೆ ನಿಲ್ಲಿಸದೆ ಡಾಕ್ಟರಿಗೆ ತಿಳಿಸಿ. ಮಲ ಟಾರಿನಂತೆ ಕಪ್ಪಾದರೆ, ವಾಂತಿಯಲ್ಲಿ ರಕ್ತ ಬಂದರೆ, ತಲೆಗೆ ಪೆಟ್ಟಾದರೆ, ಗಾಯವೇ ಕಾಣದಿದ್ದರೂ, ತಕ್ಷಣ ಆಸ್ಪತ್ರೆಗೆ. ಮಂಡಿನೋವಿಗೆ ಡೈಕ್ಲೊಫಿನಾಕ್, ಐಬುಪ್ರೊಫೇನ್ ಕೈಗೆತ್ತಿಕೊಳ್ಳಬೇಡಿ; ಹೊಟ್ಟೆಯಲ್ಲಿ ರಕ್ತ ಸೋರಲು ಅವು ದಾರಿ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಬೇಗ ಮುಗಿಸುತ್ತೇನೆ. ಮೆಟೊಪ್ರೊಲಾಲ್‌ನಿಂದ ಸುಸ್ತು, ತಣ್ಣಗಿನ ಕೈಕಾಲು ಸಹಜ, ಆದರೆ ಥಟ್ಟನೆ ನಿಲ್ಲಿಸಬಾರದು. ಸಕ್ಕರೆ ಕುಸಿದಾಗ ಬರುವ ಎದೆಬಡಿತವನ್ನು ಅದು ಮುಚ್ಚಿಡುತ್ತದೆ, ಬೆವರು ಮಾತ್ರ ಉಳಿಯುತ್ತದೆ. ಬಡಿತದ ಓಟ ತಗ್ಗಿಸುವ ಡಿಗಾಕ್ಸಿನ್ ತಗೊಳ್ಳುವವರಿಗೆ ವಾಕರಿಕೆ, ಹಳದಿ ದೃಷ್ಟಿ ಬಂದರೆ ಮಾತ್ರೆ ಹೆಚ್ಚಾಗಿರಬಹುದು, ಆ ದಿನವೇ ತೋರಿಸಿ. ಅಮಿಯೊಡರೋನ್ ತೂಕದಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಅಯೋಡಿನ್. ಆದ್ದರಿಂದ ಆರು ತಿಂಗಳಿಗೊಮ್ಮೆ ಥೈರಾಯ್ಡ್ ಪರೀಕ್ಷೆ, ಜೊತೆಗೆ ಯಕೃತ್ತಿನದೂ. ಒಣಕೆಮ್ಮು, ಏದುಸಿರು ಬಂದರೆ ಶ್ವಾಸಕೋಶ ತೋರಿಸಿ. ಬಿಸಿಲಿಗೆ ಮೈ ಮುಚ್ಚಿಕೊಳ್ಳಿ. ನಿಲ್ಲಿಸಿದ ಮೇಲೂ ಅದು ತಿಂಗಳುಗಟ್ಟಲೆ ದೇಹದಲ್ಲಿರುತ್ತದೆ.

ಹಲ್ಲು ಕೀಳಿಸುವುದಿದ್ದರೆ... ಸರಿ ಸರಿ, ಒಂದೇ ವಾಕ್ಯ: ಹೆಪ್ಪುತಡೆ ಮಾತ್ರೆಯನ್ನು ನೀವಾಗೇ ನಿಲ್ಲಿಸಬೇಡಿ, ದಂತವೈದ್ಯರಿಗೆ ಮಾತ್ರೆಯ ಹೆಸರು ಮೊದಲೇ ಹೇಳಿ. ಉಳಿದದ್ದು ಪ್ರಶ್ನೆಗಳಲ್ಲಿ ಕೇಳಿ.