ಹಗ್ಗದ ಈ ತುದಿ

ಕೇಳುಗರಿಗೆ ನಮಸ್ಕಾರ.

ನಮ್ಮ ಮನೆಯ ನಾಯಿಯ ಹೆಸರು ಕರಿಯ. ಬಣ್ಣ ಮಾತ್ರ ಕಂದು. ಹೆಸರಿಟ್ಟವನು ಮೊಮ್ಮಗ, ಪ್ರಶ್ನಿಸುವ ಹಾಗಿಲ್ಲ. ಮೈಸೂರಿನ ಸರಸ್ವತೀಪುರದಲ್ಲಿ ಬೆಳಿಗ್ಗೆ ಐದೂವರೆಗೆ ನಾವಿಬ್ಬರೂ ಹೊರಡುತ್ತೇವೆ. ಹಾಲಿನ ಬೂತಿನವರೆಗೆ ಸುಖ. ಅದರಾಚೆಯ ತಿರುವಿನಲ್ಲಿ ಮೂರು ಬೀದಿನಾಯಿಗಳ ರಾಜ್ಯ.

ಎರಡು ವರ್ಷದ ಹಿಂದೆ ಅಲ್ಲಿ ನಾನು ಮಾಡಬಾರದ್ದನ್ನೆಲ್ಲ ಒಂದೇ ನಿಮಿಷದಲ್ಲಿ ಮಾಡಿ ಮುಗಿಸಿದೆ. ಮೂರೂ ಬೊಗಳುತ್ತ ಬಂದವು. ಹಗ್ಗವನ್ನು ಅಂಗೈಗೆ ಎರಡು ಸುತ್ತು ಸುತ್ತಿ ಬಿಗಿಯಾಗಿ ಎಳೆದೆ, "ಹಚಾ" ಎಂದು ಕಿರುಚಿದೆ, ತಿರುಗಿ ಓಡಿದೆ. ಕರಿಯ ಒಂದು ಕಡೆ, ನಾನೊಂದು ಕಡೆ. ಮೊಣಕಾಲು ತರಚಿತು, ಕಿರುಬೆರಳು ಊದಿತು. ನಾಯಿಗಳು ಕಚ್ಚಲೇ ಇಲ್ಲ. ನನ್ನನ್ನು ಕೆಡವಿದ್ದು ಹಗ್ಗ.

ನಾಯಿಗಳಿಗೂ ಒಂದು ಮರ್ಯಾದೆ ಇದೆ. ನೇರ ಎದುರಿಗೆ ನುಗ್ಗುವುದು ಒರಟುತನ, ಬಿಲ್ಲಿನಂತೆ ಬಳಸಿ ಬರುವುದು ಸೌಜನ್ಯ. ಹಗ್ಗ ಬಿಗಿದಾಗ ನಮ್ಮ ನಾಯಿ ಬಳಸಲಾರದು, ಮುಖ ತಿರುಗಿಸಲಾರದು. ಕತ್ತು ಮೇಲೆದ್ದು, ಎದೆ ಮುಂದಾಗಿ, ಜಗಳಕ್ಕೆ ಬಂದವನಂತೆ ಕಾಣುತ್ತದೆ. ಆದ್ದರಿಂದ ನಾನೀಗ ಹಗ್ಗವನ್ನು ಕೈಗೆ ಸುತ್ತುವುದಿಲ್ಲ, ಹಿಡಿದುಕೊಳ್ಳುತ್ತೇನೆ ಅಷ್ಟೆ. ಸ್ವಲ್ಪ ಸಡಿಲವಾಗಿಯೇ.

ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ಗಾದೆಯನ್ನು ಅರ್ಧ ಮಾತ್ರ ನಂಬಿ. ಆದರೂ ನನಗೆ ಹೆಚ್ಚು ಅಂಜಿಕೆ ಬೊಗಳದೆ ನಿಂತದ್ದನ್ನು ಕಂಡರೆ: ಬಾಯಿ ಮುಚ್ಚಿದೆ, ಬಾಲ ಕೋಲಿನಂತೆ ನಿಮಿರಿದೆ, ಬೆನ್ನಿನ ಕೂದಲು ಎದ್ದಿದೆ, ಕಣ್ಣು ಕದಲುತ್ತಿಲ್ಲ. ಅದನ್ನು ದಿಟ್ಟಿಸಬೇಡಿ, ಓಡಬೇಡಿ. ನಿಮ್ಮ ನಾಯಿಯನ್ನು ಬೆನ್ನ ಹಿಂದೆ ಮಾಡಿಕೊಂಡು, ನಿಂತಿರುವ ಕಾರೊಂದನ್ನು ನಡುವೆ ಬಿಟ್ಟು, ನಿಧಾನವಾಗಿ ಸರಿಯಿರಿ. ಜೇಬಿನಲ್ಲಿ ಬಿಸ್ಕತ್ತಿದ್ದರೆ ಒಂದು ಹಿಡಿ ದೂರಕ್ಕೆ ಚೆಲ್ಲಿ. ಕೊಡೆಯನ್ನು ಫಟ್ಟನೆ ಬಿಚ್ಚಿದರೆ ಎಷ್ಟೋ ಸಲ ನಾಯಿ ತಬ್ಬಿಬ್ಬಾಗಿ ನಿಲ್ಲುತ್ತದೆ.

ಬಗ್ಗಿ ಕಲ್ಲೆತ್ತುವ ಭಂಗಿ ನಮ್ಮ ಬೀದಿನಾಯಿಗಳಿಗೆಲ್ಲ ಅರ್ಥವಾಗುವ ಭಾಷೆ. ಒಂಟಿ ನಾಯಿಗೆ ಸಾಕು. ಗುಂಪಿನ ಎದುರು ಬಗ್ಗುವುದು ನನಗೆ ಒಪ್ಪಿಗೆಯಿಲ್ಲ. ನಮ್ಮ ಮುಖ ಅವುಗಳ ಬಾಯಿಯ ಮಟ್ಟಕ್ಕೆ ಇಳಿಯುತ್ತದೆ. ನಿಜವಾಗಿಯೂ ಕಲ್ಲು ಬೀಸಿದರೆ, ನಾಳೆ ಅದೇ ದಾರಿಯಲ್ಲಿ ಹೋಗಬೇಕಾದವರು ನಾವೇ ತಾನೆ?

ಕಚ್ಚಾಟ ಹತ್ತಿಯೇ ಬಿಟ್ಟರೆ ನಡುವೆ ಕೈ ಹಾಕಬೇಡಿ. ಕೊರಳಪಟ್ಟಿ ಹಿಡಿಯಹೋದ ಕೈಗೆ ಸಾಕಿದ ನಾಯಿಯೇ ಗುರುತಿಲ್ಲದೆ ಬಾಯಿ ಹಾಕುವುದುಂಟು. ನೀರು ಸುರಿಯಿರಿ, ಡಬ್ಬ ಬಡಿಯಿರಿ, ಜನರನ್ನು ಕರೆಯಿರಿ.

ಹಲ್ಲು ತಾಗಿದರೆ ಅರಿಸಿನ, ಕಾಫಿಪುಡಿ ಮೆತ್ತಬೇಡಿ. ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಿ. ರಕ್ತ ಬಂದಿದ್ದರೆ ರೇಬೀಸ್ ಲಸಿಕೆಯ ಜೊತೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ ಎಂಬ, ರೋಗಾಣುವನ್ನು ತಕ್ಷಣ ತಡೆಯುವ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದೂ ಸಾಮಾನ್ಯವಾಗಿ ಬೇಕಾಗುತ್ತದೆ. ಲಸಿಕೆಯ ಎಲ್ಲ ಸರದಿಗಳನ್ನೂ ಮುಗಿಸಿ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವವರು ಇಲ್ಲವೆನ್ನುವಷ್ಟು ಕಡಿಮೆ. ನಿಮ್ಮ ನಾಯಿಗೆ ಗಾಯವಾಗಿದ್ದರೆ, ವರ್ಷದ ಲಸಿಕೆ ಆಗಿದ್ದರೂ ಪಶುವೈದ್ಯರ ಬಳಿಗೆ ಕರೆದೊಯ್ಯಿರಿ.

ನಮ್ಮ ತಿರುವಿನ ಮೂರರಲ್ಲಿ ಎರಡರ ಕಿವಿಯ ತುದಿ ಕತ್ತರಿಸಿದೆ. ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ ಎಂಬುದಕ್ಕೆ ಅದು ಗುರುತು. ಕೇಂದ್ರ ಸರ್ಕಾರದ 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಹಾಗೆ ಚಿಕಿತ್ಸೆಯಾದ ಬೀದಿನಾಯಿಯನ್ನು ಸಾಮಾನ್ಯವಾಗಿ ಹಿಡಿದ ಜಾಗಕ್ಕೇ ತಂದು ಬಿಡಬೇಕು. ಅಂದರೆ ಇವು ನನಗೆ ಬಹುಕಾಲದ ನೆರೆಹೊರೆ.

ಹಾಗಾಗಿ ಎರಡು ವಾರ ಕರಿಯನನ್ನು ಮನೆಯಲ್ಲೇ ಬಿಟ್ಟು, ಬಿಸ್ಕತ್ತು ಹಿಡಿದು ನಾನೊಬ್ಬನೇ ಹೋದೆ. ಆಮೇಲೆ ಅವನೊಂದಿಗೆ, ಎದುರು ಬದಿಯಿಂದ. ಈಗ ಎರಡು ನಾಯಿಗಳು ಮಲಗಿದಲ್ಲಿಂದಲೇ ಬಾಲ ಆಡಿಸುತ್ತವೆ. ಮೂರನೆಯ ಬಿಳಿಯನಿಗೆ ಮಾತ್ರ ಇನ್ನೂ ನಂಬಿಕೆ ಬಂದಿಲ್ಲ. ಗುರ್ರೆನ್ನುತ್ತ ಟ್ರಾನ್ಸ್‌ಫಾರ್ಮರ್ ಕಂಬದವರೆಗೂ ಹಿಂದೆ ಬರುತ್ತಾನೆ. ಅಲ್ಲಿ ಒಮ್ಮೆ ಕಾಲೆತ್ತಿ, ಗಡಿಕಲ್ಲು ನೆಟ್ಟವನ ಗತ್ತಿನಲ್ಲಿ ಹಿಂದಿರುಗುತ್ತಾನೆ. ಕಂಬದಾಚೆ ಇನ್ನಾರದೋ ರಾಜ್ಯ. ಕರಿಯ ನನ್ನ ಮುಖ ನೋಡುತ್ತಾನೆ. ನಾನು ಜೇಬಿನ ಬಿಸ್ಕತ್ತು ಎಣಿಸುತ್ತೇನೆ.

ನಮಸ್ಕಾರ.