ಮೊರದಿಂದ ಆಚೆ ಬಿದ್ದ ಬೀಜ

ಕೇಳುಗರೆಲ್ಲರಿಗೂ ನಮಸ್ಕಾರ.

ನನ್ನ ತವರು ಪಾವಗಡದ ಕಡೆ. ಮಳೆ ಕಮ್ಮಿ, ಕಡ್ಲೆಕಾಯಿ ಜಾಸ್ತಿ. ಕಾಯಿ ಕಿತ್ತು ಒಣಗಿಸಿ ಸುಲಿದ ಮೇಲೆ ನಮ್ಮ ಮನೆ ಜಗಲಿಯಲ್ಲಿ ನಾಲ್ಕು ಮೊರ ಸಾಲಾಗಿ ಕೂರುತ್ತಿದ್ದವು. ಅಜ್ಜಿಯದೊಂದು, ಅಮ್ಮನದೊಂದು, ಚಿಕ್ಕಮ್ಮನದೊಂದು, ನನ್ನದೊಂದು. ಬೀಜ ಆಯುವ ಕೆಲಸ. ಅಜ್ಜಿಗೆ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ಆದರೂ ಆಕೆಯ ಬೆರಳಿಗೆ ಗೊತ್ತಾಗುತ್ತಿತ್ತು. ಸುಕ್ಕುಗಟ್ಟಿದ ಬೀಜ, ತೂತು ಬಿದ್ದ ಬೀಜ, ಹಸಿರು ಬೂಷ್ಟು ಹಿಡಿದ ಬೀಜ, ಎಲ್ಲ ಪಕ್ಕದ ತಗಡಿನ ಡಬ್ಬಿಗೆ ಟಣ್ ಎಂದು ಬೀಳುತ್ತಿತ್ತು.

ನಾನು ಆಯುತ್ತಾ ಆಯುತ್ತಾ ಬಾಯಿಗೂ ಹಾಕಿಕೊಳ್ಳುತ್ತಿದ್ದೆ. ಒಂದು ದಿನ ಒಂದು ಬೀಜ ಕಮಟು ಕಮಟಾಗಿ, ಕಹಿಯಾಗಿ ಸಿಕ್ಕಿತು. ಮುಖ ಕಿವುಚಿದೆ. ಅಜ್ಜಿ ತಲೆ ಎತ್ತದೆ, "ಉಗುದ್ಬುಡು ಮಗ, ನುಂಗಬ್ಯಾಡ. ಬಾಯಿ ಮುಕ್ಕಳಿಸ್ಕ ಹೋಗು" ಅಂದಳು.

ಈಗ ನಾನು ಆಹಾರ ಪರೀಕ್ಷೆ ಮಾಡುವ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ದಿನವೂ ಕಡ್ಲೆಬೀಜ, ಮೆಕ್ಕೆಜೋಳ, ಹಾಲು, ಮೆಣಸಿನಪುಡಿ ನನ್ನ ಮೇಜಿಗೆ ಬರುತ್ತವೆ. ಅಜ್ಜಿ ಉಗಿಸಿದ ಆ ಬೀಜವನ್ನೇ ನಾನು ಇವತ್ತಿಗೂ ಹುಡುಕುತ್ತಿದ್ದೇನೆ. ನಾನು ಹುಡುಕುವ ವಿಷದ ಹೆಸರು ಅಫ್ಲಟಾಕ್ಸಿನ್.

ಇದರ ಕಥೆ ಶುರುವಾಗಿದ್ದು ಇಂಗ್ಲೆಂಡಿನಲ್ಲಿ. 1960ರಲ್ಲಿ ಅಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಮರಿಗಳು ಸತ್ತವು. ಯಾವ ರೋಗ ಅಂತಲೇ ತಿಳಿಯಲಿಲ್ಲ. ಹಾಗಾಗಿ "ಟರ್ಕಿ ಎಕ್ಸ್ ಕಾಯಿಲೆ" ಎಂದು ಕರೆದರು. ಹುಡುಕುತ್ತಾ ಹೋದರೆ ರೋಗಾಣು ಸಿಗಲಿಲ್ಲ, ಮೇವು ಸಿಕ್ಕಿತು. ಬ್ರೆಜಿಲ್‌ನಿಂದ ಬಂದಿದ್ದ ಕಡ್ಲೆಕಾಯಿ ಹಿಂಡಿ. ಆ ಹಿಂಡಿಯಲ್ಲಿ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟು ಬೆಳೆದಿತ್ತು. ಬೂಷ್ಟಿನ ಹೆಸರಿನ ತುಣುಕುಗಳನ್ನೇ ಜೋಡಿಸಿ, ಅದು ಬಿಡುವ ವಿಷಕ್ಕೆ ಅಫ್ಲಟಾಕ್ಸಿನ್ ಎಂದು ಹೆಸರಿಟ್ಟರು.

ನಮ್ಮ ದೇಶದಲ್ಲಿ ಇದು ಕೋಳಿಗೆ ನಿಲ್ಲಲಿಲ್ಲ. 1974ರ ಕೊನೆಯಲ್ಲಿ ಗುಜರಾತ್ ಮತ್ತು ರಾಜಸ್ಥಾನದ ಗಡಿಯ ಆದಿವಾಸಿ ಹಳ್ಳಿಗಳಲ್ಲಿ ಜನರಿಗೆ ಕಾಮಾಲೆ ಶುರುವಾಯಿತು. ಹೊಟ್ಟೆಯಲ್ಲಿ ನೀರು ತುಂಬಿಕೊಳ್ಳುತ್ತಿತ್ತು. 397 ಜನ ಕಾಯಿಲೆ ಬಿದ್ದರು, 106 ಜನ ಸತ್ತರು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ಅಲ್ಲಿಗೆ ಹೋಗಿ ಮನೆಮನೆಯ ಅಡುಗೆ ನೋಡಿದರು. ಅಕಾಲದ ಮಳೆಗೆ ನೆನೆದ ಮೆಕ್ಕೆಜೋಳ. ಸರಿಯಾಗಿ ಒಣಗಿಸದೆ ತುಂಬಿಟ್ಟದ್ದು. ಜನ ಅದನ್ನೇ ವಾರಗಟ್ಟಲೆ ತಿಂದಿದ್ದರು. ಆ ಮನೆಗಳ ನಾಯಿಗಳಿಗೂ ಅದೇ ಕಾಯಿಲೆ ಬಂದಿತ್ತು. ತಟ್ಟೆಯಲ್ಲಿ ಉಳಿದದ್ದನ್ನು ಅವಕ್ಕೂ ಹಾಕುತ್ತಿದ್ದರು, ಅಲ್ವಾ? ಈ ವಿವರ ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅವರಿಗೆ ತಿನ್ನಲು ಬೇರೆ ಇರಲಿಲ್ಲ. ಬೂಷ್ಟು ಹಿಡಿದಿದೆ ಎಂದು ಕಂಡರೂ ಎಸೆಯುವ ಹಾಗಿರಲಿಲ್ಲ.

ಹೀಗೆ ಒಮ್ಮೆಲೇ ಕೊಲ್ಲುವುದು ಅಪರೂಪ. ಇದರ ದಿನನಿತ್ಯದ ಕೆಲಸ ನಿಧಾನದ್ದು. ಚೂರು ಚೂರೇ ಒಳಗೆ ಹೋಗಿ ಲಿವರ್ ಮೇಲೆ ಕೂರುತ್ತದೆ. ಅಫ್ಲಟಾಕ್ಸಿನ್‌ನಿಂದ ಮನುಷ್ಯರಿಗೆ ಕ್ಯಾನ್ಸರ್ ಬರುತ್ತದೆ ಎಂಬುದಕ್ಕೆ ಈಗ ಅನುಮಾನ ಉಳಿದಿಲ್ಲ. 1980ರ ದಶಕದ ಕೊನೆಯಿಂದ ಶಾಂಘೈನಲ್ಲಿ 18 ಸಾವಿರ ಗಂಡಸರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನವೊಂದಿದೆ. ಮೈಯಲ್ಲಿ ಅಫ್ಲಟಾಕ್ಸಿನ್ ಗುರುತು ಇದ್ದವರಿಗೆ ಲಿವರ್ ಕ್ಯಾನ್ಸರ್ ಅಪಾಯ ಸುಮಾರು 3 ಪಟ್ಟು. ಹೆಪಟೈಟಿಸ್ ಬಿ ವೈರಸ್ ಇದ್ದವರಿಗೆ 7 ಪಟ್ಟು. ಎರಡೂ ಇದ್ದವರಿಗೆ? 59 ಪಟ್ಟು. ಒಂದರ ಜೊತೆ ಇನ್ನೊಂದು ಕೂಡಿದ್ದಲ್ಲ, ಒಂದನ್ನೊಂದು ಬೆಳೆಸಿದವು. ಮಕ್ಕಳಿಗೆ ಹೆಪಟೈಟಿಸ್ ಬಿ ಲಸಿಕೆ ಹಾಕಿಸಿ ಎಂದು ಆರೋಗ್ಯ ಕೇಂದ್ರದವರು ಹೇಳುತ್ತಾರಲ್ಲ, ದಯವಿಟ್ಟು ತಪ್ಪಿಸಬೇಡಿ. ಅದು ಈ ವಿಷದ ಬಲವನ್ನೂ ಮುರಿಯುತ್ತದೆ.

ಇನ್ನು ಇದನ್ನು ಕಂಡುಹಿಡಿಯುವುದು ಹೇಗೆ?

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಕಲಿತದ್ದು ಹಳೆಯ ವಿಧಾನ. ಬೀಜವನ್ನು ನುಣ್ಣಗೆ ಅರೆಯಬೇಕು. ಮೆಥನಾಲ್ ಬೆರೆಸಿದ ನೀರಿನಲ್ಲಿ ಕಲಕಿ, ಸೋಸಿ, ಸಾರ ತೆಗೆಯಬೇಕು. ಆ ಸಾರದ ಒಂದು ಹನಿಯನ್ನು ಬಿಳಿ ಪುಡಿ ಬಳಿದ ಗಾಜಿನ ಹಲಗೆಯ ಬುಡಕ್ಕಿಂತ ಸ್ವಲ್ಪ ಮೇಲೆ ಇಡಬೇಕು. ಹಲಗೆಯ ಬುಡವನ್ನು ದ್ರಾವಣದಲ್ಲಿ ನಿಲ್ಲಿಸಿದರೆ ದ್ರಾವಣ ಮೇಲಕ್ಕೆ ಹತ್ತುತ್ತದೆ, ಲುಂಗಿಯ ಅಂಚು ನೀರಿಗೆ ತಾಗಿದರೆ ಒದ್ದೆ ಮೇಲೇರುವ ಹಾಗೆ. ಜೊತೆಗೆ ಸಾರದಲ್ಲಿರುವುದನ್ನೂ ಹೊತ್ತೊಯ್ಯುತ್ತದೆ. ಒಂದೊಂದು ವಸ್ತು ಒಂದೊಂದು ಎತ್ತರದಲ್ಲಿ ನಿಲ್ಲುತ್ತದೆ. ಆಮೇಲೆ ಕತ್ತಲ ಪೆಟ್ಟಿಗೆಯಲ್ಲಿಟ್ಟು ಅತಿನೇರಳೆ ದೀಪ ಹಾಕಬೇಕು.

ಮೊದಲ ಸಲ ನೋಡಿದ್ದು ನನಗೆ ಚೆನ್ನಾಗಿ ನೆನಪಿದೆ. ಏನೂ ಕಾಣದ ಬಿಳಿ ಹಲಗೆ. ದೀಪ ಹತ್ತಿದ ಕೂಡಲೇ ನೀಲಿ ಚುಕ್ಕಿ, ಅದರ ಕೆಳಗೆ ಹಸಿರು ಚುಕ್ಕಿ, ಮಿಣುಕು ಹುಳದ ಹಾಗೆ. ಅಷ್ಟು ಚೆಂದದ ವಿಷವನ್ನು ನಾನು ಕಂಡಿರಲಿಲ್ಲ. ನೀಲಿಯಾಗಿ ಹೊಳೆಯುವುದಕ್ಕೆ ಬಿ, ಹಸಿರಾಗಿ ಹೊಳೆಯುವುದಕ್ಕೆ ಜಿ ಎಂದು ಹೆಸರು. ಇವುಗಳಲ್ಲಿ ಬಿ1 ಎಲ್ಲಕ್ಕಿಂತ ಕೆಟ್ಟದ್ದು.

ಈಗ ಎಚ್‌ಪಿಎಲ್‌ಸಿ ಎಂಬ ಯಂತ್ರ ಬಂದಿದೆ. ಅದರಲ್ಲೂ ಕೆಲಸ ಮಾಡುವುದು ಇದೇ ಹೊಳಪು. ಕಣ್ಣಿನ ಬದಲು ಯಂತ್ರ ಅಳೆಯುತ್ತದೆ, ಅಷ್ಟೇ. ಇನ್ನೊಂದು ಎಲೈಸಾ. ವಿಷಕ್ಕೆ ಹೋಗಿ ಅಂಟಿಕೊಳ್ಳುವ ಪ್ರತಿಕಾಯಗಳನ್ನು ಬಳಸುವ ಪರೀಕ್ಷೆ. ಹೈದರಾಬಾದಿನ ಹತ್ತಿರದ ಇಕ್ರಿಸ್ಯಾಟ್ ಸಂಸ್ಥೆ ಇದನ್ನು ತೀರಾ ಅಗ್ಗ ಮಾಡಿ ಆಫ್ರಿಕಾದ ಮಲಾವಿಯ ರೈತರ ಸಂಘಕ್ಕೂ ತಲುಪಿಸಿತು. ದುಬಾರಿ ಯಂತ್ರ ಇಲ್ಲದ ಕಡೆ ಇದು ದೊಡ್ಡ ಉಪಕಾರ.

ಆದರೆ ನಿಜವಾದ ಕಷ್ಟ ಯಂತ್ರದ್ದಲ್ಲ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ನಮ್ಮ ದೇಶದ ಕಾನೂನು ಸಂಸ್ಕರಣೆಗೆ ಹೋಗುವ ಕಡ್ಲೆಬೀಜದಲ್ಲಿ ಒಂದು ಕೆ.ಜಿ.ಗೆ 15 ಮೈಕ್ರೋಗ್ರಾಂವರೆಗೆ ಅಫ್ಲಟಾಕ್ಸಿನ್ ಇರಬಹುದು ಎನ್ನುತ್ತದೆ. ಅಂದರೆ ನೂರು ಕೋಟಿ ಪಾಲಿನಲ್ಲಿ 15 ಪಾಲು. ಯುರೋಪಿನಲ್ಲಿ ನೇರವಾಗಿ ತಿನ್ನುವ ಬೀಜಕ್ಕೆ ಬರೀ 4. ಇಷ್ಟು ಸಣ್ಣ ಅಳತೆ. ಆದರೆ ಈ ವಿಷ ಸಾರಿನಲ್ಲಿ ಉಪ್ಪು ಬೆರೆತ ಹಾಗೆ ಎಲ್ಲ ಕಡೆ ಬೆರೆತಿರುವುದಿಲ್ಲ. ಮೂಟೆಯಲ್ಲಿ ಸಾವಿರಾರು ಬೀಜ ಶುದ್ಧವಾಗಿರುತ್ತವೆ. ಎಲ್ಲೋ ಒಂದು ಬೀಜದಲ್ಲಿ ವಿಷ ಗುಡ್ಡೆಯಾಗಿರುತ್ತದೆ. ಬೂಷ್ಟು ಪೂರಾ ಆವರಿಸಿದ ಒಂದೊಂದು ಬೀಜದಲ್ಲಿ ಅದರ ತೂಕದ ಸಾವಿರದಲ್ಲೊಂದು ಪಾಲಿನಷ್ಟು ಅಫ್ಲಟಾಕ್ಸಿನ್ ಸಿಕ್ಕಿದ್ದೂ ಇದೆ. ಲೆಕ್ಕ ಹಾಕಿ ನೋಡಿ. ಅರ್ಧ ಗ್ರಾಂ ತೂಗುವ ಅಂಥ ಒಂದೇ ಒಂದು ಬೀಜ, ಮೂವತ್ತು ಕೆ.ಜಿ. ಒಳ್ಳೆಯ ಬೀಜವನ್ನು ಕಾನೂನಿನ ಮಿತಿ ದಾಟಿಸಿಬಿಡುತ್ತದೆ.

ಹಾಗಾದರೆ ಮೂಟೆಯ ಬಾಯಿ ಬಿಚ್ಚಿ ಒಂದು ಹಿಡಿ ತಂದು ಪರೀಕ್ಷೆ ಮಾಡಿದರೆ ಏನು ಸಿಗುತ್ತದೆ? ಆ ಬೀಜ ಹಿಡಿಯಲ್ಲಿ ಬಂದರೆ ಇಡೀ ಮೂಟೆ ವಿಷ. ಬರದಿದ್ದರೆ ಇಡೀ ಮೂಟೆ ಶುದ್ಧ. ಎರಡೂ ತಪ್ಪು. ಅದಕ್ಕೇ ಹತ್ತಾರು ಜಾಗದಿಂದ ತೆಗೆದು, ಹತ್ತಿಪ್ಪತ್ತು ಕೆ.ಜಿ. ಸೇರಿಸಿ, ಎಲ್ಲವನ್ನೂ ಅರೆದು, ಚೆನ್ನಾಗಿ ಕಲಸಿ, ಅದರಿಂದ ಒಂದಿಷ್ಟು ತೆಗೆಯುತ್ತೇವೆ. ಸಣ್ಣ ಪೊಟ್ಟಣದಲ್ಲಿ ಬೀಜ ತಂದು "ಮೇಡಂ, ಬೇಗ ಒಂದು ರಿಪೋರ್ಟ್ ಕೊಡಿ" ಎನ್ನುವವರಿಗೆ ನಾನು ಇದನ್ನೇ ಹೇಳಿ ಹೇಳಿ ಸಾಕಾಗಿದೆ. ಪೊಟ್ಟಣದ ರಿಪೋರ್ಟ್ ಪೊಟ್ಟಣಕ್ಕೆ ಮಾತ್ರ.

ಆದರೆ ಇದೇ ಮಾತಿನಲ್ಲಿ ಒಂದು ಒಳ್ಳೆಯ ಸುದ್ದಿಯೂ ಇದೆ. ವಿಷ ಕೆಲವೇ ಬೀಜದಲ್ಲಿದೆ ಅಂದರೆ, ಆ ಕೆಲವನ್ನು ತೆಗೆದರೆ ಬಹುಪಾಲು ವಿಷ ಹೋಯಿತು. ದೊಡ್ಡ ಕಾರ್ಖಾನೆಗಳಲ್ಲಿ ಕ್ಯಾಮೆರಾ ಇರುವ ಯಂತ್ರ ಒಂದೊಂದೇ ಬೀಜದ ಬಣ್ಣ ನೋಡಿ, ಕೆಟ್ಟದ್ದನ್ನು ಗಾಳಿಯಿಂದ ಊದಿ ಆಚೆ ತಳ್ಳುತ್ತದೆ. ನಮ್ಮ ಜಗಲಿಯಲ್ಲಿ ಆ ಕೆಲಸ ಅಜ್ಜಿಯ ಬೆರಳು ಮಾಡುತ್ತಿತ್ತು. ಪೂರ್ತಿ ಅಲ್ಲ, ನೋಡಲು ಚೆನ್ನಾಗಿರುವ ಬೀಜದ ಒಳಗೂ ಒಮ್ಮೊಮ್ಮೆ ಇರುತ್ತದೆ. ಈ ವಿಷಕ್ಕೆ ತನ್ನದೇ ರುಚಿಯಿಲ್ಲ, ವಾಸನೆಯಿಲ್ಲ. ಕಹಿ, ಕಮಟು ಬರುವುದು ಬೀಜ ಕೆಟ್ಟಿದ್ದರಿಂದ. ಹುರಿದರೆ ಸ್ವಲ್ಪ ಕಮ್ಮಿಯಾಗುತ್ತದೆ, ಕುದಿಸಿದರೆ ಹೋಗುವುದಿಲ್ಲ. ಹಾಗಾಗಿ ಬೀಜದೊಳಗೆ ಬರದ ಹಾಗೆ ನೋಡಿಕೊಳ್ಳುವುದೇ ಮುಖ್ಯ.

ಬರುವುದು ಎಲ್ಲಿಂದ? ಹೊಲದಿಂದಲೇ. ಈ ಬೂಷ್ಟು ಮಣ್ಣಿನಲ್ಲಿದೆ. ಕಾಯಿ ಬಲಿಯುವ ಕೊನೆಯ ನಾಲ್ಕೈದು ವಾರ ಮಳೆ ಕೈಕೊಟ್ಟರೆ, ಮಣ್ಣು ಕಾದರೆ, ಗಿಡಕ್ಕೆ ತನ್ನನ್ನು ಕಾಪಾಡಿಕೊಳ್ಳುವ ಶಕ್ತಿ ಕುಗ್ಗುತ್ತದೆ. ಆಗ ಬೂಷ್ಟು ಒಳನುಗ್ಗುತ್ತದೆ. ಪಾವಗಡ, ಚಳ್ಳಕೆರೆ ಕಡೆಯವರಿಗೆ ಆ ಕೊನೆಯ ವಾರಗಳ ಬರ ಎಂಥದ್ದು ಎಂದು ನಾನು ಹೇಳಬೇಕಿಲ್ಲ. ಕೊಳವೆಬಾವಿಯಲ್ಲಿ ಚೂರು ನೀರಿದ್ದರೆ ಆಗ ಕೊಡುವ ಒಂದು ನೀರು ಇಳುವರಿಗಷ್ಟೇ ಅಲ್ಲ, ಇದಕ್ಕೂ ಔಷಧಿ.

ಕಿತ್ತ ಮೇಲೆ ಹಸಿ ಗಿಡವನ್ನು ಮೆದೆ ಹಾಕಬೇಡಿ. ಕಾಯಿ ಮೇಲಾಗಿ ಗಿಡ ತಲೆಕೆಳಗಾಗಿ ಮಗುಚಿ, ಗಾಳಿ ಬಿಸಿಲು ಆಡುವಂತೆ ಒಣಗಿಸಿ. ತೇವಾಂಶ ನೂರಕ್ಕೆ 8ಕ್ಕೆ ಇಳಿಯಬೇಕು. ಮೀಟರ್ ಇಲ್ಲದಿದ್ದರೆ ಕಾಯಿಯನ್ನು ಕಿವಿ ಹತ್ತಿರ ಅಲ್ಲಾಡಿಸಿ. ಒಳಗೆ ಬೀಜ ಗಲಗಲ ಎನ್ನಬೇಕು. ಬೀಜ ಉಜ್ಜಿದರೆ ಸಿಪ್ಪೆ ಬಿಡಬೇಕು. ಇನ್ನೊಂದು ಮಾತು, ಹಕ್ಕಲು ಕಾಯಿಯದ್ದು. ಕಿತ್ತಾಗ ಮಣ್ಣಲ್ಲೇ ಉಳಿದು ಆಮೇಲೆ ಆಯ್ದುಕೊಂಡ ಕಾಯಿಯಲ್ಲಿ ಬೂಷ್ಟು ಹೆಚ್ಚು. ಅದನ್ನು ಒಳ್ಳೆಯ ರಾಶಿಗೆ ಬೆರೆಸಬೇಡಿ. ಸುಲಿಯುವುದು ಸಲೀಸಾಗಲಿ, ಬೀಜ ಒಡೆಯದಿರಲಿ ಎಂದು ಒಣಗಿದ ಕಾಯಿಗೆ ನೀರು ಚಿಮುಕಿಸುವ ರೂಢಿಯೂ ಇದೆ. ಆರು ದಿನ ಒಣಗಿಸಿದ್ದು ಒಂದು ಬಿಂದಿಗೆ ನೀರಿಗೆ ವ್ಯರ್ಥವಾಗುತ್ತದೆ.

ವಿಜ್ಞಾನಿಗಳು ಇನ್ನೊಂದು ಜಾಣ ದಾರಿ ಕಂಡುಕೊಂಡಿದ್ದಾರೆ. ಅದೇ ಬೂಷ್ಟಿನಲ್ಲಿ ವಿಷ ಮಾಡಲು ಬಾರದ ತಳಿಗಳೂ ಇವೆ. ಅವನ್ನು ಜೋಳದ ಕಾಳಿಗೆ ಲೇಪಿಸಿ ಹೊಲದಲ್ಲಿ ಎರಚಿದರೆ, ಅವು ಮೊದಲು ಜಾಗ ಹಿಡಿದು ವಿಷದ ತಳಿಗೆ ನೆಲೆ ಇಲ್ಲದಂತೆ ಮಾಡುತ್ತವೆ. ನೈಜೀರಿಯಾದಲ್ಲಿ ಅಫ್ಲಸೇಫ್ ಎಂಬ ಹೆಸರಿನಲ್ಲಿ ಇದು ರೈತರ ಕೈಗೆ ಬಂದಿದೆ. ನಮ್ಮ ಮಣ್ಣಿನ ಇಂಥ ತಳಿಗಳು ನಮ್ಮ ರೈತರ ಹೊಲಕ್ಕೆ ಬರುವುದನ್ನು ನೋಡುವ ಆಸೆ ನನಗಿದೆ.

ಈಗ ಆ ತಗಡಿನ ಡಬ್ಬಿಯ ವಿಷಯಕ್ಕೆ ಬರುತ್ತೇನೆ. ಅಜ್ಜಿ ಆಯ್ದು ಹಾಕಿದ ಕೆಟ್ಟ ಬೀಜ ಎಲ್ಲಿಗೆ ಹೋಗುತ್ತಿತ್ತು? ಗಾಣಕ್ಕೆ. ಎಣ್ಣೆಗೆ ಆಗುತ್ತೆ, ಸುಮ್ನೆ ಯಾಕೆ ಎಸೆಯೋದು ಅಂತ. ಎಣ್ಣೆ ತೆಗೆದ ಮೇಲೆ ಹಿಂಡಿ ಹಸುವಿನ ಕಲಗಚ್ಚಿಗೆ. ಅಫ್ಲಟಾಕ್ಸಿನ್‌ನ ಹೆಚ್ಚಿನ ಪಾಲು ಉಳಿಯುವುದು ಹಿಂಡಿಯಲ್ಲೇ. ಹಸು ಅದನ್ನು ತಿಂದರೆ, ಬಿ1 ಅದರ ಲಿವರ್‌ನಲ್ಲಿ ರೂಪ ಬದಲಿಸಿ ಎಂ1 ಆಗಿ, ಒಂದೇ ದಿನದಲ್ಲಿ ಹಾಲಿಗೆ ಬರುತ್ತದೆ. ಎಂ ಅಂದರೆ ಮಿಲ್ಕ್. ಜಗಲಿಯಲ್ಲಿ ನನ್ನ ಬಾಯಿಂದ ಉಗಿಸಿದ ಬೀಜ, ಹಿತ್ತಲ ಬಾಗಿಲಿಂದ ನನ್ನ ಲೋಟಕ್ಕೇ ಬರುತ್ತಿತ್ತು. ನಮ್ಮ ಮನೆಯದಷ್ಟೇ ಅಲ್ಲ. ಮಂಡಿಯಲ್ಲಿ ಆಯ್ದು ತೆಗೆದ ಕೆಟ್ಟ ಬೀಜಕ್ಕೂ ಕಮ್ಮಿ ಬೆಲೆಗೆ ಕೊಳ್ಳುವವರು ಸಿಗುತ್ತಾರೆ.

2018ರಲ್ಲಿ ನಮ್ಮ ದೇಶದ ಆಹಾರ ಸುರಕ್ಷತೆ ಪ್ರಾಧಿಕಾರ ದೇಶದಾದ್ಯಂತ 6,432 ಹಾಲಿನ ಮಾದರಿ ಪರೀಕ್ಷಿಸಿತು. ಎಲ್ಲರಿಗೂ ಭಯ ಇದ್ದದ್ದು ಕಲಬೆರಕೆಯದ್ದು. ಯೂರಿಯಾ, ಸೋಪಿನ ಪುಡಿ, ಅದೂ ಇದೂ. ಆರೋಗ್ಯಕ್ಕೆ ಅಪಾಯ ಆಗುವಂಥ ಕಲಬೆರಕೆ ಸಿಕ್ಕಿದ್ದು 12 ಮಾದರಿಗಳಲ್ಲಿ. ಅಫ್ಲಟಾಕ್ಸಿನ್ ಎಂ1 ಮಿತಿ ಮೀರಿದ್ದು 368ರಲ್ಲಿ. ಯಾರೂ ಬೇಕೆಂದು ಬೆರೆಸಿದ್ದಲ್ಲ. ಮೇವಿನಿಂದ ಬಂದದ್ದು. ಕಾಯಿಸಿದರೆ ಹೋಗುವುದೂ ಇಲ್ಲ. ಸಮಾಧಾನದ ಸಂಗತಿ ಒಂದಿದೆ. ಕೆಟ್ಟ ಮೇವು ನಿಲ್ಲಿಸಿದರೆ ಮೂರ್ನಾಲ್ಕು ದಿನದಲ್ಲಿ ಹಾಲು ಸರಿಹೋಗುತ್ತದೆ.

ಹೋದ ಸುಗ್ಗಿಯಲ್ಲಿ ಅಮ್ಮ ಫೋನ್ ಮಾಡಿದ್ದಳು. ಈಗ ಜಗಲಿಯಲ್ಲಿ ಕೂತು ಆಯುವವಳು ಆಕೆಯೊಬ್ಬಳೇ. "ಕೆಟ್ಟ ಬೀಜ ಎರಡು ಸೇರಾಗೈತೆ. ಏನ್ ಮಾಡ್ಲಿ?" ಅಂದಳು.

"ಹಿತ್ತಲಲ್ಲಿ ಗುಂಡಿ ತೋಡಿ ಹೂತುಬಿಡಮ್ಮ. ಗಾಣಕ್ಕೂ ಬೇಡ, ಕೋಳಿಗೂ ಬೇಡ" ಅಂದೆ.

ಸ್ವಲ್ಪ ಹೊತ್ತು ಮಾತಿರಲಿಲ್ಲ. ಎರಡು ಸೇರು ಬೀಜ ಮಣ್ಣಿಗೆ ಹಾಕುವುದು ಅಂದರೆ ಆಕೆಗೆ ಕರುಳು ಚುರ್ ಎನ್ನುತ್ತದೆ, ನನಗೆ ಗೊತ್ತು. ಆಮೇಲೆ ಅಮ್ಮ ಅಂದಳು, "ಆಳವಾಗಿ ತೋಡ್ತೀನಿ ಬಿಡು. ಕೋಳಿ ಕೆದ್ರಬಾರ್ದಲ್ಲ."

ನಮಸ್ಕಾರ.